ನಿಲ್ಲುವವಳು

ಬೆಡ್‌ಶೀಟಿನ ಆ ತುದಿಯಲ್ಲಿ ಹೊಸಬಳು ನಿಂತಿದ್ದಳು, ಈ ತುದಿಯಲ್ಲಿ ಮಣೆಯಮ್ಮ. ಮೂಲೆಗೆ ಮೂಲೆ ಕೂಡಿಸಿಯಾಗಿತ್ತು, ಜಗ್ಗಿ ಸುಕ್ಕು ಬಿಡಿಸಿಯೂ ಆಗಿತ್ತು. ಇನ್ನು ಇಬ್ಬರಲ್ಲಿ ಒಬ್ಬಳು ನಡೆದು ಬಂದು ತನ್ನ ಕೈಯಲ್ಲಿದ್ದ ತುದಿಯನ್ನು ಇನ್ನೊಬ್ಬಳ ಕೈಗೆ ಕೊಡಬೇಕು, ಅಷ್ಟೇ ಬಾಕಿ. ಯಾರೂ ಬರಲಿಲ್ಲ. ಮಣೆಯಮ್ಮ ಹೊಸಬಳ ಮುಖ ನೋಡಿದಳು, ಹೊಸಬಳು ಮಣೆಯಮ್ಮನ ಮುಖ ನೋಡಿದಳು. ನಡುವೆ ಬಟ್ಟೆ ಮೆಲ್ಲಗೆ ಜೋತುಬಿದ್ದು ನೆಲಕ್ಕೆ ತಾಗಿತು. ಒಗೆದ ಬಟ್ಟೆ ನೆಲ ಮುಟ್ಟಿದರೆ ಮತ್ತೆ ಒಗೆಯಲು ಕಳಿಸಬೇಕು.

"ಬರ್ತೀರಾ?" ಎಂದಳು ಮಣೆಯಮ್ಮ.

"ನೀವು ಬರಲ್ವಾ?" ಎಂದಳು ಹೊಸಬಳು.

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರಲ್ಲ, ಇಲ್ಲಿ ಹಾಗೂ ಅಲ್ಲ. ಎತ್ತೂ ನಿಂತಿದೆ, ಕೋಣವೂ ನಿಂತಿದೆ. ಹೊಸಬಳು ಕೆಲಸಕ್ಕೆ ಸೇರಿದಾಗಿನಿಂದ ಇದೇ ಕಥೆ. ಕೊನೆಗೆ ಯಾರೋ ಒಬ್ಬರು ಸಿಡುಕಿಕೊಂಡು ಅರ್ಧ ದಾರಿ ಬರುತ್ತಿದ್ದರು, ಇನ್ನೊಬ್ಬರು ಅರ್ಧ ಮನಸ್ಸಿನಿಂದ ಕೈ ಚಾಚುತ್ತಿದ್ದರು, ಮಡಿಕೆ ಸೊಟ್ಟಗಾಗುತ್ತಿತ್ತು. ಸೂಪರ್‌ವೈಸರ್ ಒಳ್ಳೆಯವನೇ, ಬಾಯಿ ಮಾತ್ರ ಸ್ವಲ್ಪ ಜಾಸ್ತಿ. ಆ ಕಡೆಯಿಂದ ಹಾದುಹೋಗುವಾಗ, ಏನ್ರಮ್ಮಾ, ಸಿನಿಮಾ ತೋರಿಸೋಕೆ ಪರದೆ ಹಿಡಿದು ನಿಂತಿದ್ದೀರಾ ಎಂದು ಕೇಳಿದ. ಡ್ರೈಯರ್ ನೋಡಿಕೊಳ್ಳುವವನು ಕಿಸಕ್ಕನೆ ನಕ್ಕ. ಮಣೆಯಮ್ಮನಿಗೆ ನಗು ಬರಲಿಲ್ಲ. ಆಕೆ ನಕ್ಕು ಬಹಳ ದಿನವಾಗಿತ್ತು.

ಅದು ಊರಿನ ಹೋಟೆಲುಗಳ ಬಟ್ಟೆಯೆಲ್ಲ ಬಂದು ಬೀಳುವ ಲಾಂಡ್ರಿ. ನೆಲಮಾಳಿಗೆಯಲ್ಲಿ ಕೊಳೆಬಟ್ಟೆ ವಿಂಗಡಿಸುವ ಕೋಣೆ, ಅದರ ಮೇಲೆ ಒಗೆಯುವ ಯಂತ್ರಗಳು, ಅದರ ಮೇಲೆ ಮಡಚುವ ಹಜಾರ. ಹಜಾರದ ಒಂದು ಕಡೆ ದೊಡ್ಡ ಕಿಟಕಿ, ಅದರ ಕೆಳಗೆ ಮೇಜು. ಇನ್ನೊಂದು ಕಡೆ ಬಣ್ಣ ಕಿತ್ತುಬಂದ ಒಂದು ಕಂಬ. ಕಿಟಕಿಗೂ ಕಂಬಕ್ಕೂ ನಡುವೆ ಸರಿಯಾಗಿ ಒಂದು ಬೆಡ್‌ಶೀಟಿನಷ್ಟು ಜಾಗ. ಕಿಟಕಿಗೆ ಬೆನ್ನು ಹಾಕಿ ನಿಲ್ಲುವವಳು ಮಣೆಯಮ್ಮ. ಕಂಬದ ಕಡೆಯಿಂದ ನಡೆದು ಬರುವವಳು ಏಣಿ. ಇಬ್ಬರ ತಲೆಗೂದಲು ಹಣ್ಣಾಗುವವರೆಗೂ ಹೀಗೇ ನಡೆದಿತ್ತು.

ಹೆಸರು ಇಟ್ಟವರು ಯಾರೋ, ಇಟ್ಟದ್ದು ಮಾತ್ರ ಅಚ್ಚುಕಟ್ಟಾಗಿತ್ತು. ಏಣಿ ಅಟ್ಟದ ಮೇಲಿನ ಡಬ್ಬವನ್ನು ಸ್ಟೂಲಿಲ್ಲದೆ ಇಳಿಸುವಷ್ಟು ಉದ್ದ. ಮಣೆಯಮ್ಮ ಗಿಡ್ಡ, ಅಗಲ, ಎಲ್ಲಿಟ್ಟರೆ ಅಲ್ಲೇ ಇರುವ ಹೆಂಗಸು. ಇಬ್ಬರನ್ನೂ ಕೂಡಿಸಿ ಅರ್ಧ ಮಾಡಿದರೆ ಎರಡು ಹದವಾದ ಹೆಂಗಸರು ಸಿಗುತ್ತಾರೆ ಎಂದು ಡ್ರೈಯರಿನವನು ತಮಾಷೆ ಮಾಡುತ್ತಿದ್ದ. ಆದರೆ ಅವರು ಮಡಚುವುದನ್ನು ನೋಡಲು ಹೊಸಬರು ಕೆಲಸ ಬಿಟ್ಟು ನಿಲ್ಲುತ್ತಿದ್ದರು. ಸುಕ್ಕು ಬಿಡಿಸುವಾಗ ಬೇರೆಯವರು ಕೈಯಿಂದ ಜಗ್ಗಿದರೆ ಇವರು ಮೈಯಿಂದ ಜಗ್ಗುತ್ತಿದ್ದರು. ಏಣಿ ಹಿಂದಕ್ಕೆ ವಾಲುತ್ತಿದ್ದಳು, ಮಣೆಯಮ್ಮ ಹಿಂದಕ್ಕೆ ವಾಲುತ್ತಿದ್ದಳು. ಅವಳು ಬೀಳದಿರುವುದಕ್ಕೆ ಇವಳು ಕಾರಣ, ಇವಳು ಬೀಳದಿರುವುದಕ್ಕೆ ಅವಳು. ಒಂದು ಸಲ ಏಣಿಗೆ ಸೀನು ಬಂದು ಕೈ ಬಿಟ್ಟಳು. ಮಣೆಯಮ್ಮ ಟವೆಲಿನ ಬುಟ್ಟಿಯೊಳಗೆ ಕಾಲು ಮೇಲಾಗಿ ಬಿದ್ದಳು. ಆವತ್ತು ಇಡೀ ಹಜಾರ ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು.

ಏಣಿಗೆ ಒಂದು ಚಟ ಹತ್ತಿತ್ತು. ಲಾಂಡ್ರಿಯ ಹಿಂದಿನ ರಸ್ತೆಯಲ್ಲಿ ಒಂದು ಸಣ್ಣ ವಿಹಾರ, ಅಲ್ಲೊಬ್ಬ ಮುದಿ ಭಿಕ್ಷು. ರಜೆಯ ದಿನ ಮಧ್ಯಾಹ್ನ ಅವರು ನಾಲ್ಕು ಜನಕ್ಕೆ ಬುದ್ಧನ ಮಾತು ಹೇಳುತ್ತಿದ್ದರು. ಏಣಿ ಮೊದಲು ಹೋದದ್ದು ಅಲ್ಲಿ ಫ್ಯಾನು ಚೆನ್ನಾಗಿ ತಿರುಗುತ್ತದೆ ಎಂದು. ಆಮೇಲೆ ಮಾತೇ ಹಿಡಿಸಿತು. ಮಾರನೆಯ ದಿನ ಅದನ್ನೆಲ್ಲ ಮಡಿಕೆಗೊಂದರಂತೆ ಮಣೆಯಮ್ಮನ ತಲೆಗೆ ತುಂಬುವಳು. ಪ್ರತೀತ್ಯಸಮುತ್ಪಾದ ಎಂಬ ಪದ ನನಗಿಂತ ಉದ್ದ ಇದೆ ಕಣೆ, ಅರ್ಥ ಮಾತ್ರ ನಿನ್ನಷ್ಟೇ ಗಿಡ್ಡ ಎನ್ನುವಳು: ಇದು ಇದ್ದರೆ ಅದು, ಇದು ಇಲ್ಲದಿದ್ದರೆ ಅದೂ ಇಲ್ಲ. ಒಂದು ದಿನ ಬೆಡ್‌ಶೀಟು ಹಿಡಿದುಕೊಂಡೇ ಕೇಳಿದಳು, "ಇದರಿಂದ ನೂಲು ತೆಗಿ. ಹತ್ತಿ ತೆಗಿ. ಹತ್ತಿಗೆ ಬಿದ್ದ ಮಳೆ ತೆಗಿ. ನೇಯ್ದೋನ್ನ ತೆಗಿ. ಉಳಿಯೋದು ಬೆಡ್‌ಶೀಟು. ತೋರ್ಸು ನೋಡೋಣ."

"ನೀನೂ ಇಲ್ಲ, ನಾನೂ ಇಲ್ಲ, ಬೆಡ್‌ಶೀಟೂ ಇಲ್ಲ. ಹಂಗಾದ್ರೆ ತಿಂಗಳ ಕೊನೇಲಿ ಸಂಬಳ ತಗೊಳ್ಳೋಳು ಯಾರೇ?" ಎಂದು ಮಣೆಯಮ್ಮ ಕೇಳಿದಳು.

ಏಣಿ ಬಿದ್ದು ಬಿದ್ದು ನಕ್ಕಳು. ಮುಂದಿನ ರಜೆಗೆ ಇದನ್ನೇ ಭಿಕ್ಷುವಿನ ಮುಂದೆ ಹೇಳಿದಳಂತೆ, ಅವರೂ ನಕ್ಕರಂತೆ.

ಆ ಏಣಿ ಹೊಟ್ಟೆನೋವು ಎಂದು ರಜೆ ಹಾಕಿದಳು. ಹಿಂಗೆ ಹೋಗಿ ಹಂಗೆ ಬರ್ತೀನಿ ಅಂದವಳು ಆಸ್ಪತ್ರೆ ಸೇರಿದಳು. ಮಣೆಯಮ್ಮ ನೋಡಲು ಹೋದಾಗ ಮಂಚಕ್ಕೆ ಕಾಲು ಸಾಲದೆ ಮುದುರಿಕೊಂಡು ಮಲಗಿದ್ದಳು. ನೋವಿನ ಮಾತು ಎತ್ತಲಿಲ್ಲ. ಹೊದ್ದಿದ್ದ ಬಟ್ಟೆಯ ಗೆರೆಯನ್ನು ಬೆರಳಿನಿಂದ ಸವರಿ, "ನೋಡೇ, ಮಡಿಕೆ ಹೆಂಗೆ ಸೊಟ್ಟಗಿದೆ. ಯಾರೋ ಒಬ್ಬಳೇ ಮಡಚಿದ್ದಾಳೆ, ಪಾಪ" ಎಂದಳು. ಅದಾದ ಮೇಲೆ ಅವಳು ಬರಲಿಲ್ಲ. ಅಷ್ಟು ವರ್ಷ ಬರುತ್ತಲೇ ಇದ್ದವಳು ಬರಲಿಲ್ಲ. ಮಣೆಯಮ್ಮ ಜನರೆದುರು ಅಳಲಿಲ್ಲ; ಮೈಯಲ್ಲಿ ಏನೋ ಹಿಡಿತ ತಪ್ಪಿದ ಹಾಗೆ, ಹಿಂದಕ್ಕೆ ವಾಲಿದ್ದಾಗ ಆ ತುದಿ ಕೈಬಿಟ್ಟ ಹಾಗೆ ಓಡಾಡಿದಳು. ಈ ಸಲ ಬೀಳಲು ಟವೆಲಿನ ಬುಟ್ಟಿ ಇರಲಿಲ್ಲ.

ಮಣೆಯಮ್ಮ ಇರುವುದು ಮೂರನೇ ಮಹಡಿಯಲ್ಲಿ, ಒಂದು ರೂಮು, ಒಂದು ಅಡುಗೆಮನೆ. ಮಗಳು ತೊಟ್ಟಿಲಲ್ಲಿದ್ದಾಗಲೇ ಗಂಡ ಬೇರೊಬ್ಬಳ ಜೊತೆ ಹೋದವನು, ಹೋದವನು ಹೋದ. ಮಗಳು ಈಗ ದೂರದ ಊರಲ್ಲಿ ನರ್ಸು, ಅಳಿಯ ಒಳ್ಳೆಯವನು. ಬಂದು ನಮ್ಮ ಜೊತೆ ಇರಮ್ಮ ಎಂದು ಮಗಳು ಫೋನಿನಲ್ಲಿ ಕರೆಯುತ್ತಲೇ ಇರುತ್ತಾಳೆ, ಇವಳು ನೋಡೋಣ ಎನ್ನುತ್ತಲೇ ಇರುತ್ತಾಳೆ. ರೂಮಿನ ಕುರ್ಚಿಯ ಮೇಲೆ ಅವಳ ಸ್ವಂತ ಬೆಡ್‌ಶೀಟು ಒಗೆದು ಒಣಗಿ ಗುಡ್ಡೆಯಾಗಿ ಬಿದ್ದಿತ್ತು. ಒಂಟಿಯಾಗಿ ಮಡಚುವುದಕ್ಕೂ ಒಂದು ದಾರಿಯಿದೆ: ನಡುವನ್ನು ಗದ್ದದಡಿ ಒತ್ತಿ ಹಿಡಿದು ಎರಡು ಕೈ ಚಾಚಬೇಕು. ಮಣೆಯಮ್ಮನಿಗೆ ಅದು ಗೊತ್ತಿತ್ತು. ಮಾಡಲು ಮನಸ್ಸು ಬರಲಿಲ್ಲ. ರಾತ್ರಿ ಆ ಗುಡ್ಡೆಯನ್ನು ಹಾಗೇ ಎಳೆದು ಹೊದ್ದುಕೊಳ್ಳುವಳು, ಬೆಳಿಗ್ಗೆ ಹಾಗೇ ಕುರ್ಚಿಗೆ ಎಸೆಯುವಳು.

ಅಂಥ ಹೊತ್ತಿನಲ್ಲಿ ಬಂದವಳು ಹೊಸಬಳು. ಇವಳದೇ ವಯಸ್ಸು, ಮಾತು ಕಡಿಮೆ. ಹೊಳೆಯಾಚೆ ಮುಚ್ಚಿಹೋದ ಇನ್ನೊಂದು ಲಾಂಡ್ರಿಯಲ್ಲಿ ಮಡಚುತ್ತಿದ್ದಳಂತೆ. ಅಲ್ಲಿ ನಾನು ನಿಲ್ತಿದ್ದೆ, ನನ್ನ ಜೊತೆಯವಳು ಬರ್ತಿದ್ಳು ಎಂದು ಮೊದಲ ದಿನವೇ ಹೇಳಿದಳು. ನಾನೂ ನಿಲ್ಲೋಳೇ ಎಂದಳು ಮಣೆಯಮ್ಮ, ಕಡ್ಡಿ ಮುರಿದ ಹಾಗೆ. ಇಷ್ಟೇ ಅವರ ನಡುವೆ ಆದ ಮಾತುಕತೆ. ಮಣೆಯಮ್ಮ ಅವಳ ಕೈ ನೋಡುತ್ತಿದ್ದಳು, ಕೈಯಲ್ಲಿ ಸೊಟ್ಟಗಾದ ಮಡಿಕೆ ನೋಡುತ್ತಿದ್ದಳು. ಏಣಿಯ ಜಾಗದಲ್ಲಿ ಬಂದು ನಿಂತದ್ದಕ್ಕೇ ಅವಳ ಮೇಲೆ ಸಿಟ್ಟು. ಬಂದು ನಿಂತೂ ಏಣಿಯಂತೆ ನಡೆದು ಬರುವುದಿಲ್ಲವಲ್ಲ ಎಂದು ಇನ್ನಷ್ಟು ಸಿಟ್ಟು. ಇದರಲ್ಲಿ ನ್ಯಾಯವಿಲ್ಲ ಎಂದು ಅವಳಿಗೇ ಗೊತ್ತಿತ್ತು. ಗೊತ್ತಿದ್ದರೆ ಸಿಟ್ಟು ಹೋಗುತ್ತದೆಯೇ?

ಪರದೆಯ ಮಾತು ಬಂದ ಆ ದಿನ ಸಂಜೆ ಮಣೆಯಮ್ಮ ಸೂಪರ್‌ವೈಸರ್ ಹತ್ತಿರ ಹೋಗಿ, ತನ್ನನ್ನು ಕೆಳಗಿನ ಕೊಳೆಬಟ್ಟೆ ಕೋಣೆಗೆ ಹಾಕಿಬಿಡಿ ಎಂದು ಕೇಳಿದಳು. ಅವನು ಬೆಚ್ಚಿಬಿದ್ದ. ಆ ಕೋಣೆಗೆ ಯಾರೂ ಕೇಳಿಕೊಂಡು ಹೋಗುವುದಿಲ್ಲ. ಕಿಟಕಿಯಿಲ್ಲ, ಜೊತೆಯಿಲ್ಲ; ಮೇಲಿನಿಂದ ಕೊಳವೆಯಲ್ಲಿ ಧೊಪ್ಪನೆ ಬಟ್ಟೆ ಬೀಳುತ್ತದೆ, ಒಬ್ಬಳೇ ಕೂತು ಬಿಳಿದು ಬಣ್ಣದ್ದು ಬೇರೆ ಮಾಡಬೇಕು. ಅಲ್ಲಿಗೆ ಹೋದ ಹಿಂದಿನ ಹೆಂಗಸು ಕೊನೆಕೊನೆಗೆ ದಿಂಬಿನ ಚೀಲಗಳ ಜೊತೆ ಮಾತಾಡುತ್ತಿದ್ದಳು ಎಂದು ಅವನೇ ನೆನಪಿಸಿದ. ಇನ್ನೊಂದು ಸಲ ಯೋಚನೆ ಮಾಡಿ ಅಕ್ಕ ಎಂದ. ಮಾಡಿಯಾಗಿದೆ ಎಂದಳು. ಸರಿ, ಸೋಮವಾರದಿಂದ ಹೋಗಿ ಎಂದ ಅವನು, ತಲೆ ಕೆರೆದುಕೊಳ್ಳುತ್ತ. ಇಳಿದವರು ಮತ್ತೆ ಮೇಲೆ ಬಂದದ್ದಿಲ್ಲ ಎನ್ನುವುದು ಇಬ್ಬರಿಗೂ ಗೊತ್ತಿತ್ತು.

ನಡುವೆ ಒಂದು ರಜೆಯ ದಿನ ಬಂತು. ಮಧ್ಯಾಹ್ನ ರೂಮಿನಲ್ಲಿ ಕೂತು ಕೂತು ಸಾಕಾಗಿ, ಮಣೆಯಮ್ಮ ಚಪ್ಪಲಿ ಮೆಟ್ಟಿಕೊಂಡು ನೇರ ವಿಹಾರಕ್ಕೆ ಹೋದಳು. ಧರ್ಮ ಕೇಳಲು ಅಲ್ಲ, ಜಗಳಕ್ಕೆ. ಜಗಳವಾಡಲು ಬೇರೆ ಯಾರೂ ಉಳಿದಿರಲಿಲ್ಲ.

ಕೇಳಲು ಬಂದಿದ್ದ ನಾಲ್ಕು ಜನ ಆಗಲೇ ಎದ್ದು ಹೋಗಿದ್ದರು. ಮುದಿ ಭಿಕ್ಷು ಜಗುಲಿಯಲ್ಲಿ ಕೂತು ತಾವು ಹೊದೆಯುವ ಚೀವರದ ಹರಿದ ಅಂಚು ಹೊಲಿಯಲು ಸೂಜಿಗೆ ದಾರ ಪೋಣಿಸುತ್ತಿದ್ದರು. ದಾರ ಒಳಗೆ ಹೋಗುತ್ತಿರಲಿಲ್ಲ. ಅವಳನ್ನು ಕಂಡೊಡನೆ, ನೀವು ಮಣೆಯಮ್ಮ ಅಲ್ಲವೇ ಎಂದರು. ತನ್ನನ್ನು ಇಲ್ಲಿಯವರೆಗೂ ಏಣಿ ಹೊತ್ತು ತಂದಿದ್ದಾಳೆ ಎಂದು ಅವಳಿಗೆ ಗೊತ್ತಿರಲಿಲ್ಲ. ಆಮೇಲೆ ಕೂತು, ಬಂದ ಕೆಲಸಕ್ಕೆ ಕೈ ಹಾಕಿದಳು.

"ಶೂನ್ಯ ಶೂನ್ಯ ಅಂತ ಅವಳಿಗೆ ಹೇಳ್ಕೊಟ್ಟೋರು ನೀವು. ಈಗ ನೋಡಿ ಭಂತೇ, ಪೂರ್ತಿ ಶೂನ್ಯ. ನಿಮಗೆ ಸಮಾಧಾನ ಆಯ್ತಾ?"

ಭಿಕ್ಷು ನೊಂದುಕೊಳ್ಳಲಿಲ್ಲ, ಕೋಪಿಸಿಕೊಳ್ಳಲಿಲ್ಲ. ಶೂನ್ಯ ಎಂದರೆ ಖಾಲಿ ಮನೆ ಅಲ್ಲಮ್ಮ ಎಂದರು. ಯಾವುದೂ ತನ್ನಷ್ಟಕ್ಕೆ ತಾನೇ ಆದದ್ದಲ್ಲ, ಇನ್ನೊಂದರ ಆಸರೆಯಿಂದ ಆದದ್ದು, ಅಷ್ಟೇ ಅದರ ಅರ್ಥ ಎಂದರು. ಜೊಂಡಿನ ಎರಡು ಕಟ್ಟು ಒಂದಕ್ಕೊಂದು ಒರಗಿ ನಿಂತಿರುತ್ತವೆ, ಒಂದನ್ನು ತೆಗೆದರೆ ಇನ್ನೊಂದು ಬೀಳುತ್ತದೆ ಎಂಬ ಹಳೆಯ ಹೋಲಿಕೆಯನ್ನೂ ಹೇಳಿದರು.

"ಅದು ಗೊತ್ತು. ಬಿದ್ದಾಗಿದೆ. ಬಿದ್ದಿರೋ ಕಟ್ಟಿಗೆ ಏನು ಹೇಳ್ತೀರಿ?"

ಅವರು ಸೂಜಿಯನ್ನು ಮಡಿಲಲ್ಲಿಟ್ಟರು. "ಅದಕ್ಕೆ ಹೇಳೋ ಮಾತು ನನ್ನ ಹತ್ರ ಇಲ್ಲಮ್ಮ" ಎಂದರು.

ಇದು ಅವಳು ನಿರೀಕ್ಷಿಸಿದ ಉತ್ತರವಲ್ಲ. ಅರ್ಧ ಸಿಟ್ಟು ಅಲ್ಲೇ ಇಳಿಯಿತು, ಉಳಿದರ್ಧ ಅಳುವಾಯಿತು. ಸೆರಗಿನಲ್ಲಿ ಮೂಗೊರಸಿಕೊಂಡು, ಕೇಳದಿದ್ದರೂ ಹೊಸಬಳ ಸುದ್ದಿ ಹೇಳಿದಳು, ಕೊಳೆಬಟ್ಟೆ ಕೋಣೆಗೆ ಇಳಿಯುವ ಸುದ್ದಿ ಹೇಳಿದಳು. ಭಿಕ್ಷು, ನೀವೇ ನಡೆದು ಹೋಗಬಹುದಿತ್ತಲ್ಲ ಎಂದು ಕೇಳಿದರು.

"ನಾನು ನಿಲ್ಲೋಳು ಭಂತೇ. ನಡಿಯೋಳಲ್ಲ. ಅದು ನನ್ನ ಸ್ವಭಾವ."

"ಯಾವಾಗ ಶುರುವಾಯ್ತು ಅದು?"

"ಸ್ವಭಾವಕ್ಕೆ ಶುರು ಅಂತ ಇರುತ್ತಾ?"

"ಶುರು ಇದ್ರೆ ಅದು ಸ್ವಭಾವ ಅಲ್ಲ" ಎಂದು ಭಿಕ್ಷು ಸೂಜಿ ದಾರ ಎರಡನ್ನೂ ಅವಳ ಕಡೆ ಚಾಚಿ, ನಿಮಗಾದರೂ ಕಾಣುತ್ತಾ ನೋಡಿ ಎಂದರು. ಅವಳಿಗೂ ಕಾಣಲಿಲ್ಲ. ಕೊನೆಗೆ ಅವರು ಸೂಜಿಯನ್ನು ಬೆಳಕಿಗೆ ಹಿಡಿದರು, ಅವಳು ದಾರವನ್ನು ನೆಕ್ಕಿ ಅಂದಾಜಿನ ಮೇಲೆ ತೂರಿಸಿದಳು, ಹೋಯಿತು. ಅದಕ್ಕೆ ಇಬ್ಬರಿಗೂ ಸ್ವಲ್ಪ ಸಂತೋಷವಾಯಿತು. ಅವಳು ಎದ್ದು ಬಂದಳು.

ಮನೆಗೆ ಬಂದು ಬಚ್ಚಲಲ್ಲಿ ಕಾಲು ತೊಳೆಯುವಾಗ ಬಲಗಾಲಿನ ಮೇಲಿನ ಬಿಳಿ ಮಚ್ಚೆ ಕಣ್ಣಿಗೆ ಬಿತ್ತು. ದಿನಾ ಇರುವ ಮಚ್ಚೆ, ದಿನಾ ತೊಳೆಯುವ ಕಾಲು. ಅವಳು ಚೊಂಬು ಹಿಡಿದುಕೊಂಡು ಹಾಗೇ ನಿಂತುಬಿಟ್ಟಳು. ಅದು ಸುಟ್ಟ ಗಾಯದ ಕಲೆ. ಗಂಡ ಬಿಟ್ಟುಹೋದ ವಾರ ಕೈತಪ್ಪಿ ಕುದಿಯುವ ನೀರು ಕಾಲಿನ ಮೇಲೆ ಚೆಲ್ಲಿಕೊಂಡಿದ್ದಳು. ಆ ಕಾಲಿಗೆ ಬಟ್ಟೆ ಸುತ್ತಿ, ಸೀರೆ ಇಳಿಬಿಟ್ಟು ಮುಚ್ಚಿಕೊಂಡು ಲಾಂಡ್ರಿಯಲ್ಲಿ ಕೆಲಸ ಕೇಳಲು ಹೋಗಿದ್ದಳು. ಕಾಲು ಸರಿಯಿಲ್ಲ ಎಂದು ತಿಳಿದರೆ ಕೆಲಸ ಯಾರು ಕೊಡುತ್ತಾರೆ? ಮನೆಯಲ್ಲಿ ಮಗು, ಡಬ್ಬದಲ್ಲಿ ಹಿಟ್ಟಿಲ್ಲ. ಕೆಲಸ ಸಿಕ್ಕ ದಿನ ಮೊದಲ ಬೆಡ್‌ಶೀಟಿಗೆ ಹಲ್ಲು ಕಚ್ಚಿ ನಡೆದಳು. ಎರಡನೆಯದಕ್ಕೆ ಕಣ್ಣು ಕತ್ತಲೆ ಬಂತು. ಆ ತುದಿಯಲ್ಲಿದ್ದ ಉದ್ದನೆಯ ಹುಡುಗಿ ಏನೂ ಕೇಳಲಿಲ್ಲ, ಯಾರಿಗೂ ಹೇಳಲಿಲ್ಲ. ಮೂರನೆಯದು ಕೈಗೆ ತೆಗೆದುಕೊಳ್ಳುವಾಗ ಮೆಲ್ಲಗೆ ಎಂದಿದ್ದಳು:

"ನೀನು ನಿಂತ್ಕೋ. ನಾನೇ ಬರ್ತೀನಿ."

ತಿಂಗಳೊಳಗೆ ಕಾಲಿನ ಗಾಯ ಮಾಯಿತು. ಮಾಯಿತೆಂದು ಇವಳೂ ಹೇಳಲಿಲ್ಲ, ಮಾಯಿತೇ ಎಂದು ಅವಳೂ ಕೇಳಲಿಲ್ಲ. ಅವಳು ಬರುತ್ತಲೇ ಇದ್ದಳು, ಇವಳು ನಿಲ್ಲುತ್ತಲೇ ಇದ್ದಳು. ಮಣೆ ಎಂದು ಹೆಸರೂ ಬಿತ್ತು. ಮಣೆಯಮ್ಮ ಚೊಂಬು ಕೆಳಗಿಟ್ಟು ಬಚ್ಚಲ ಕಟ್ಟೆಯ ಮೇಲೆ ಕೂತಳು, ಏಣಿ ಸತ್ತಾಗಿನಿಂದ ತಡೆದಿಟ್ಟಿದ್ದ ಅಳುವನ್ನೆಲ್ಲ ಅತ್ತಳು.

ಸೋಮವಾರ ಅವಳು ಮೇಲೆ ಹೋದದ್ದು ತನ್ನ ನೀರಿನ ಬಾಟಲಿ, ಕನ್ನಡಕದ ಡಬ್ಬಿ ತೆಗೆದುಕೊಂಡು ಕೆಳಗಿಳಿಯಲು. ಹಜಾರಕ್ಕೆ ಇನ್ನೂ ಜನ ಬಂದಿರಲಿಲ್ಲ. ಹೊಸಬಳು ಮಾತ್ರ ಬಂದಿದ್ದಳು. ಕಿಟಕಿಯ ಕಡೆ, ಮಣೆಯಮ್ಮನ ಜಾಗದಲ್ಲಿ, ಮೇಜಿಗೆ ಸೊಂಟ ಒರಗಿಸಿಕೊಂಡು, ಒಂದು ದೊಡ್ಡ ಬೆಡ್‌ಶೀಟಿನ ನಡುವನ್ನು ಗದ್ದದಡಿ ಒತ್ತಿಕೊಂಡು ಒಬ್ಬಳೇ ಮಡಚಲು ಒದ್ದಾಡುತ್ತಿದ್ದಳು. ಬಟ್ಟೆ ಅವಳನ್ನೇ ಮಡಚಿಹಾಕುವಂತಿತ್ತು. ಇವಳನ್ನು ಕಂಡು ಗಡಿಬಿಡಿಯಿಂದ, ನಿಮ್ಮ ಜಾಗ, ಬಿಡ್ತೀನಿ ಎಂದು ಅತ್ತ ಸರಿಯಹೋದಳು.

ಆಗ ಮಣೆಯಮ್ಮ ಮೊದಲ ಸಲ ಅವಳ ಕೈ ನೋಡುವುದು ಬಿಟ್ಟು ಕಾಲು ನೋಡಿದಳು. ಹೊಸಬಳು ಎಡ ಹಿಮ್ಮಡಿಯನ್ನು ನೆಲಕ್ಕೆ ಊರುತ್ತಿರಲಿಲ್ಲ. ಸೀರೆಯನ್ನು ಬೇಕಾದ್ದಕ್ಕಿಂತ ಇಳಿಬಿಟ್ಟಿದ್ದಳು. ಅಂಚಿನಡಿ ಕಂಡ ಚಪ್ಪಲಿಯ ಪಟ್ಟಿಯನ್ನು ಊದಿದ ಪಾದ ಹಿಡಿಸಲೆಂದು ಕತ್ತರಿಸಲಾಗಿತ್ತು. ಒಂದು ಹೆಜ್ಜೆ ಇಟ್ಟವಳು ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು, ಮುಖ ಮಾತ್ರ ಏನೂ ಆಗದವರ ಮುಖ.

ಇವಳು ನೋಡಿದ್ದನ್ನು ಅವಳು ನೋಡಿದಳು. "ಸೂಪರ್‌ವೈಸರ್‌ಗೆ ಹೇಳ್ಬೇಡಿ" ಎಂದಳು. ಅದು ಅವಳು ಈವರೆಗೆ ಆಡಿದ ಮಾತುಗಳಲ್ಲೆಲ್ಲ ಅತಿ ಸಣ್ಣ ದನಿಯದು.

ಮಣೆಯಮ್ಮ ಆಗಲೇ ಎತ್ತಿಕೊಂಡಿದ್ದ ಬಾಟಲಿಯನ್ನು ಮೇಜಿನ ಮೇಲೆ ವಾಪಸು ಇಟ್ಟಳು. ನೆಲದ ಮೇಲೆ ಎಳೆದಾಡುತ್ತಿದ್ದ ಬೆಡ್‌ಶೀಟಿನ ಎರಡು ಮೂಲೆ ಹುಡುಕಿ ಎತ್ತಿಕೊಂಡಳು. ಹಿಂದೆ ಹಿಂದೆ ಹೆಜ್ಜೆ ಹಾಕಿ, ಬೆನ್ನಿಗೆ ಕಂಬ ತಾಗಿದಾಗ ನಿಂತಳು. ಅಷ್ಟು ವರ್ಷ ಆ ಹಜಾರದಲ್ಲಿ ದುಡಿದೂ ಆ ಕಂಬಕ್ಕೆ ಬೆನ್ನು ಕೊಟ್ಟು ಅವಳು ನಿಂತಿರಲೇ ಇಲ್ಲ. ಅವಳ ನೆತ್ತಿಗಿಂತ ಸ್ವಲ್ಪ ಮೇಲೆ, ಎತ್ತರದ ಒಬ್ಬಳ ಭುಜ ಒರಗಿ ಒರಗಿ ಕಂಬದ ಬಣ್ಣ ಸವೆದು ನುಣುಪಾಗಿತ್ತು.

ಇಬ್ಬರೂ ಮೂಲೆ ಕೂಡಿಸಿದರು, ಹಿಂದಕ್ಕೆ ವಾಲಿದರು. ಬಟ್ಟೆ ಬಿಗಿಯಾಯಿತು. ಹೊಸಬಳು ಗಟ್ಟಿಗಿತ್ತಿ, ಹಿಡಿತ ಬಿಡಲಿಲ್ಲ. ಆಮೇಲೆ ಅವಳು ಹಲ್ಲು ಕಚ್ಚಿ, ಕತ್ತರಿಸಿದ ಚಪ್ಪಲಿಯ ಕಾಲನ್ನು ಮುಂದಿಟ್ಟಳು.

"ನೀನು ನಿಂತ್ಕೋ" ಎಂದಳು ಮಣೆಯಮ್ಮ. "ನಾನೇ ಬರ್ತೀನಿ."

ನಡೆಯುವಾಗ ಕೈ ಎಷ್ಟು ಎತ್ತಬೇಕೆಂದು ಅವಳಿಗೆ ತಿಳಿಯಲಿಲ್ಲ, ಗಿಡ್ಡ ಕೈ, ಬಟ್ಟೆ ಕಾಲಿಗೆ ತೊಡರುತ್ತಿತ್ತು. ನಡುದಾರಿಯಲ್ಲಿ ತಲೆಯೆತ್ತಿದಳು. ಎದುರಿಗೆ ಕಿಟಕಿಯ ತುಂಬ ಬೆಳಗಿನ ಬೆಳಕು, ಆ ಬೆಳಕಿಗೆ ಬೆನ್ನು ಹಾಕಿ ಒಬ್ಬ ಹೆಂಗಸು ಎರಡೂ ಕೈ ಮುಂದೆ ಚಾಚಿ ಕಾಯುತ್ತ ನಿಂತಿದ್ದಳು. ಬೆಳಕು ಹಿಂದಿದ್ದುದರಿಂದ ಮುಖ ಯಾರದೆಂದು ಕಾಣುತ್ತಿರಲಿಲ್ಲ. ಇಷ್ಟು ವರ್ಷ ಏಣಿ ನೋಡಿದ್ದು ಇದನ್ನೇ.

ಮಣೆಯಮ್ಮ ಆ ಕೈಗಳಿಗೆ ತನ್ನ ಕೈಯಲ್ಲಿದ್ದದ್ದನ್ನು ಕೊಟ್ಟಳು. ಬಗ್ಗಿ, ಕೆಳಗೆ ಜೋತಿದ್ದ ಮಡಿಕೆಯನ್ನು ಎತ್ತಿಕೊಂಡು ಹಿಂದೆ ಸರಿದಳು, ಮತ್ತೆ ಬಂದಳು.